ಶಿಲೀಂಧ್ರ ಜಾಸ್ತಿ ಇರುವ ಗೊಬ್ಬರ ಮಾಡುವುದು ಹೇಗೆ, ಅದರಲ್ಲಿ ಶಿಲೀಂಧ್ರ ಇದೆ ಎಂದು ತಿಳಿಯುವುದು ಹೇಗೆ?

ನೀವು ಕೇಳಿದ್ದು ಎರಡು ವಿಷಯ. ಅಡಿಕೆ ತೋಟಕ್ಕೆ ಬೇಕಾದ, ಶಿಲೀಂಧ್ರ ಜಾಸ್ತಿ ಇರುವ ಕಾಂಪೋಸ್ಟನ್ನು ಮನೆಯಲ್ಲೇ ಮಾಡಬಹುದಾ? ರಾಶಿಯ ಒಳಗೆ ಬಿಳಿ ಬೂಸ್ಟು ಕಾಣುತ್ತಿದೆ, ಅದೇ ಶಿಲೀಂಧ್ರ ಎಂದುಕೊಳ್ಳಬಹುದಾ? ಮೊದಲನೆಯದಕ್ಕೆ ಖಂಡಿತ ಹೌದು. ಎರಡನೆಯದಕ್ಕೆ ಹೆಚ್ಚಿನ ಸಲ ಅಲ್ಲ. ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ, ಇಂಥ ರಾಶಿ ಕಟ್ಟುತ್ತೇನೆ, ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೋಟಕ್ಕೆ ಹಾಕುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಿಳಿ ಬೂಸ್ಟಿನಿಂದಲೇ ಶುರು ಮಾಡೋಣ. ಬಿಸಿ ಏರಿದ ರಾಶಿಯನ್ನು ಕೆದಕಿದರೆ ಒಳಗೆ ಬೂದಿ ಚೆಲ್ಲಿದ ಹಾಗೆ ಬಿಳಿ ಪುಡಿ ಕಾಣುತ್ತದೆ. ಅದು ಸಾಮಾನ್ಯವಾಗಿ ಆಕ್ಟಿನೋಮೈಸೀಟ್ಸ್. ಎಳೆ ಎಳೆಯಾಗಿ ಬೆಳೆಯುತ್ತದೆ, ಆದ್ದರಿಂದ ಶಿಲೀಂಧ್ರ ಎಂದು ಅನಿಸುತ್ತದೆ. ಆದರೆ ಅದು ಬ್ಯಾಕ್ಟೀರಿಯಾ ಗುಂಪಿಗೆ ಸೇರಿದ್ದು. ಕೆಟ್ಟದ್ದೇನಲ್ಲ, ಆದರೆ ನೀವು ಹುಡುಕುತ್ತಿರುವುದು ಅದನ್ನಲ್ಲ. ವಾಸನೆಯನ್ನೂ ನಂಬಿ ಕೂರಬೇಡಿ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ಹೆಚ್ಚಾಗಿ ತಯಾರಿಸುವುದೂ ಇದೇ ಆಕ್ಟಿನೋಮೈಸೀಟ್ಸ್. ಕಾಂಪೋಸ್ಟಿಗೆ ಆ ವಾಸನೆ ಇದ್ದರೆ ರಾಶಿಗೆ ಗಾಳಿ ಸರಿಯಾಗಿ ಸಿಕ್ಕಿದೆ ಎಂದು ತಿಳಿಯಬಹುದು. ಅಷ್ಟೇ.

ಶಿಲೀಂಧ್ರ ಎಂದ ಕೂಡಲೇ ನಮ್ಮ ಕಡೆ ಕೆಲವರು ಹೆದರುತ್ತಾರೆ, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಬರಬಹುದು ಎಂದು. ಕೊಳೆ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಊಮೈಸೀಟ್ ಎಂಬ ಬೇರೆಯೇ ಗುಂಪು. ತರಗೆಲೆ, ಸಿಪ್ಪೆ ತಿಂದು ಬದುಕುವ ಶಿಲೀಂಧ್ರಗಳಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಅಣಬೆ ರೋಗದಿಂದ ಸತ್ತ ಅಡಿಕೆ ಮರದ ಬುಡ, ಬೇರು, ಕಾಂಡ ಯಾವುದನ್ನೂ ಈ ರಾಶಿಗೆ ಹಾಕಬೇಡಿ. ಅದನ್ನು ತರುವ ಗ್ಯಾನೊಡರ್ಮಾ ನಿಜವಾದ ಶಿಲೀಂಧ್ರ, ಸತ್ತ ಮರದಲ್ಲೂ ಬದುಕುತ್ತದೆ. ಅಂಥದ್ದನ್ನು ಕಿತ್ತು ಸುಡಬೇಕು.

ಇಷ್ಟಕ್ಕೂ ಈ ಕಷ್ಟ ಯಾಕೆ? ಅಡಿಕೆ ಸಿಪ್ಪೆ, ಸೋಗೆ, ಹಾಳೆ, ದರಕು (ಉದುರಿದ ಒಣ ಎಲೆ), ನಮ್ಮಲ್ಲಿ ರಾಶಿ ಬೀಳುವುದೆಲ್ಲ ಲಿಗ್ನಿನ್, ಅಂದರೆ ಗಿಡಮರಕ್ಕೆ ಗಟ್ಟಿತನ ಕೊಡುವ ವಸ್ತು, ಜಾಸ್ತಿ ಇರುವ ಗಟ್ಟಿ ಮಾಲು. ಲಿಗ್ನಿನ್ನನ್ನು ಪೂರ್ತಿ ಒಡೆಯುವ ಕೆಲಸದಲ್ಲಿ ಶಿಲೀಂಧ್ರವೇ ಮುಂದು. ಇನ್ನೊಂದು, ಮಣ್ಣಿನ ಕಣಗಳನ್ನು ಎಳೆಗಳಿಂದ ಹೆಣೆದು ಹಿಡಿಯುವುದೂ ಅದೇ. ಒಂದು ಮಳೆಗಾಲದಲ್ಲಿ ಮೂರು ಸಾವಿರ ಮಿಲಿಮೀಟರ್ ಸುರಿಯುವ ಜಾಗದಲ್ಲಿ ಈ ಹಿಡಿತ ಇಲ್ಲದಿದ್ದರೆ ಮೇಲ್ಮಣ್ಣು ಕಾದಿಗೆಯ (ತೋಟದ ನೀರು ಹರಿಯುವ ಕಾಲುವೆ) ಪಾಲು. ಬೆಟ್ಟದಲ್ಲಿ ದರಕಿನ ಕೆಳಗಿನ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ, ಪುಟ್ಟ ಪುಟ್ಟ ಉಂಡೆಗಳಾಗಿ ಬಿಡಿಸಿಕೊಳ್ಳುತ್ತದೆ. ತೋಟದ ಮಣ್ಣೂ ಹಾಗಾಗಬೇಕು ಎಂಬುದೇ ನನ್ನ ಆಸೆ.

ಈಗ ಮಾಡುವ ಕ್ರಮ. ಶಿಲೀಂಧ್ರಕ್ಕೆ ಬೇಕಾದ್ದು ಗಾಳಿ, ತೇವ, ಮತ್ತು ಯಾರೂ ಕೆದಕದ ಶಾಂತಿ. ಸಾಮಾನ್ಯ ಬಿಸಿ ಕಾಂಪೋಸ್ಟಿನಲ್ಲಿ ಗಾಳಿಗಾಗಿ ವಾರಕ್ಕೊಮ್ಮೆಯೋ ಎರಡು ಸಲವೋ ಮಗುಚುತ್ತಾರೆ. ಒಮ್ಮೆ ಮಗುಚಿದರೆ ಕಟ್ಟಿಕೊಂಡ ಎಳೆಗಳೆಲ್ಲ ತುಂಡು. ಮತ್ತೆ ಬಿಸಿ ಏರುತ್ತದೆ. 60 ಡಿಗ್ರಿ ದಾಟಿದರೆ ಹೆಚ್ಚಿನ ಶಿಲೀಂಧ್ರಗಳು ಬೆಳೆಯುವುದಿಲ್ಲ. ಗೊಬ್ಬರ ಬೇಗ ಆಗುತ್ತದೆ, ಆದರೆ ಅದು ಬ್ಯಾಕ್ಟೀರಿಯಾದ ಗೊಬ್ಬರ. ಮಗುಚದೆಯೇ ಗಾಳಿ ಕೊಡುವ ಉಪಾಯವನ್ನು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡೇವಿಡ್ ಜಾನ್ಸನ್ ಮತ್ತು ಅವರ ಪತ್ನಿ ಹುಯ್-ಚುನ್ ಸು ರೂಪಿಸಿದರು. ಜಾನ್ಸನ್-ಸು ಬಯೋರಿಯಾಕ್ಟರ್ ಎನ್ನುತ್ತಾರೆ. ಹೆಸರು ದೊಡ್ಡದು, ವಸ್ತು ಸರಳ.

ತಂತಿ ಬಲೆಯನ್ನು ದುಂಡಗೆ ಕಟ್ಟಿ, ಒಳಗೆ ನೆರಳು ಪರದೆಯ ಬಟ್ಟೆ ಹಾಕಿ, ನೆಲದಿಂದ ಸ್ವಲ್ಪ ಮೇಲಿರುವ ಮರದ ಚೌಕಟ್ಟಿನ ಮೇಲೆ ನಿಲ್ಲಿಸುವುದು. ಅಗಲ, ಎತ್ತರ ಎರಡೂ ಸುಮಾರು ನಾಲ್ಕೈದು ಅಡಿ. ಒಳಗೆ ನಾಲ್ಕು ಇಂಚಿನ ಆರು ಪೈಪ್ ನೆಟ್ಟಗೆ ನಿಲ್ಲಿಸಿ, ಸುತ್ತ ಮಾಲು ತುಂಬುವುದು. ಒಂದು ದಿನ ಬಿಟ್ಟು ಪೈಪ್ ಎಳೆದು ತೆಗೆದರೆ ತೂತುಗಳು ಹಾಗೇ ನಿಲ್ಲುತ್ತವೆ. ರಾಶಿಯ ಯಾವ ಭಾಗವೂ ಗಾಳಿಯಿಂದ ಒಂದು ಅಡಿಗಿಂತ ದೂರ ಇರಬಾರದು. ಇದರ ಗುಟ್ಟೆಲ್ಲ ಇಷ್ಟೇ. ತಂತಿ ಬಲೆ ಬದಲು ಬಿದಿರಿನ ತಟ್ಟಿ ಆದೀತು, ಪೈಪ್ ಬದಲು ದಪ್ಪ ಬಿದಿರಿನ ಗಳ ಆದೀತು.

ಮಾಲಿನ ಲೆಕ್ಕ ನಾನು ಬುಟ್ಟಿಯಲ್ಲಿ ಹಿಡಿಯುತ್ತೇನೆ. ದರಕು ಆರು ಬುಟ್ಟಿ, ಹಳೆಯ ಅಡಿಕೆ ಸಿಪ್ಪೆ ಮತ್ತು ಕತ್ತರಿಸಿದ ಸೋಗೆ ಸೇರಿ ಎರಡು ಬುಟ್ಟಿ, ಸಗಣಿ ಒಂದು ಬುಟ್ಟಿ. ಸಗಣಿ ಜಾಸ್ತಿ ಮಾಡುವ ಆಸೆ ಬೇಡ. ಸಾರಜನಕ ಹೆಚ್ಚಾದಷ್ಟೂ ಬಿಸಿ ಏರುತ್ತದೆ, ಬ್ಯಾಕ್ಟೀರಿಯಾ ಗೆಲ್ಲುತ್ತದೆ. ಸಿಪ್ಪೆಯನ್ನು ಒಂದು ಮಳೆಗಾಲ ಹೊರಗೆ ಬಿಟ್ಟು ಮೆತ್ತಗೆ ಮಾಡಿಕೊಂಡರೆ ಒಳ್ಳೆಯದು. ಎಲ್ಲವನ್ನೂ ನೀರಿನಲ್ಲಿ ಚೆನ್ನಾಗಿ ಅದ್ದಿಯೇ ತುಂಬಬೇಕು. ಒಣ ದರಕು ತುಂಬಿ ಮೇಲಿಂದ ನೀರು ಹೊಯ್ದರೆ ನೀರು ಜಾರಿ ಹೋಗುತ್ತದೆ, ನಡುವೆ ಒಣಗಿಯೇ ಉಳಿಯುತ್ತದೆ. ಬೆಟ್ಟದ ದರಕಿನ ಕೆಳಗೆ ಎಳೆ ಹಬ್ಬಿದ ಅರೆಕೊಳೆತ ಎಲೆ ಸಿಗುತ್ತದಲ್ಲ, ಅದನ್ನು ಒಂದೆರಡು ಹಿಡಿ ಬೆರೆಸಿ. ಚಿಪ್ಪು ಅಣಬೆ ಬೆಳೆಯುವವರು ಹತ್ತಿರ ಇದ್ದರೆ ಅವರು ಬಿಸಾಡುವ ಹುಲ್ಲಿನ ಚೀಲ ಕೇಳಿ ತನ್ನಿ. ಅದಕ್ಕಿಂತ ಒಳ್ಳೆಯ ಹೆಪ್ಪು ಅಂಗಡಿಯಲ್ಲಿ ಸಿಗಲಾರದು. ಅಂಗಡಿಯಲ್ಲಿ ಸಿಗುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಹಾಕಬಾರದೆಂದಿಲ್ಲ. ಆದರೆ ಒಂದೇ ಜಾತಿಯ ಶಿಲೀಂಧ್ರದಿಂದ ಕಾಡಿನ ಮಣ್ಣಾಗುವುದಿಲ್ಲ ಅಲ್ವಾ?

ಮೊದಲ ಕೆಲವು ದಿನ ಬಿಸಿ ಏರುತ್ತದೆ, ಏರಲಿ. ಕಳೆಬೀಜ ಸಾಯಲು ಅದು ಬೇಕು. ರಾಶಿ ಪೂರ್ತಿ ತಣ್ಣಗಾದ ಮೇಲೆ ಎರೆಹುಳು ಬಿಡಿ. ತೇವ ಶೇಕಡಾ 70ರ ಹತ್ತಿರ ಇರಬೇಕು, ಅಂದರೆ ಒಂದು ಹಿಡಿ ಬಲವಾಗಿ ಹಿಂಡಿದರೆ ಕೆಲವು ಹನಿ ಬೀಳಬೇಕು. ಬೇಸಿಗೆಯಲ್ಲಿ ದಿನಾ ಸ್ವಲ್ಪ ನೀರು. ಮಳೆಗಾಲದಲ್ಲಿ ಮೇಲೆ ತಗಡೋ ಸೋಗೆ ಮಾಡೋ ಬೇಕೇ ಬೇಕು, ಇಲ್ಲವಾದರೆ ತೂತುಗಳು ಕುಸಿದು ಉಸಿರು ಕಟ್ಟುತ್ತದೆ. ಹೀಗೆ ಒಂದು ವರ್ಷ. ಕೇಳಿದವರೆಲ್ಲ ಇಲ್ಲಿಗೆ ಬಂದ ಕೂಡಲೇ ಹಿಂದೆ ಸರಿಯುತ್ತಾರೆ. ಆದರೆ ಆ ವರ್ಷದಲ್ಲಿ ನೀರು ಬಿಟ್ಟರೆ ಬೇರೆ ಕೆಲಸವಿಲ್ಲ.

ಇನ್ನು ಪರೀಕ್ಷೆ. ಇಲ್ಲಿ ನನಗೆ ಹೇಳಲು ಜಾಸ್ತಿ ಇದೆ, ಯಾಕೆಂದರೆ ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಪ್ರಯೋಗಾಲಯಕ್ಕೆ ಕೊಟ್ಟರೆ ತಟ್ಟೆಯಲ್ಲಿ ಬೆಳೆಸಿ ಎಣಿಸಿ, ಗ್ರಾಂಗೆ ಇಷ್ಟು ಸಿಎಫ್‌ಯು (ತಟ್ಟೆಯಲ್ಲಿ ಮೂಡಿದ ಚುಕ್ಕೆಗಳ ಲೆಕ್ಕ) ಎಂದು ವರದಿ ಕೊಡುತ್ತಾರೆ. ಬ್ಯಾಕ್ಟೀರಿಯಾಕ್ಕೆ ಅದು ಒಂದು ಮಟ್ಟಿಗೆ ಸರಿ. ಶಿಲೀಂಧ್ರಕ್ಕೆ ಆ ಲೆಕ್ಕ ದಾರಿ ತಪ್ಪಿಸುತ್ತದೆ. ಉದ್ದವಾಗಿ ಹಬ್ಬಿದ ಒಂದು ಎಳೆ ತಟ್ಟೆಯಲ್ಲಿ ಒಂದೇ ಚುಕ್ಕೆಯಾಗಿ ಬೆಳೆಯಬಹುದು. ಬೀಜಕಣ ಉದುರಿಸುವ ಸಣ್ಣ ಬೂಸ್ಟು ಸಾವಿರ ಚುಕ್ಕೆ ಕೊಡಬಹುದು. ಆದ್ದರಿಂದ ಆ ಎರಡು ಅಂಕಿಗಳನ್ನು ಭಾಗಿಸಿ ಶಿಲೀಂಧ್ರ-ಬ್ಯಾಕ್ಟೀರಿಯಾ ಅನುಪಾತ ಎಂದು ಹೇಳಿದರೆ ನಂಬಬೇಡಿ. ಅರ್ಗೋಸ್ಟೆರಾಲ್ (ಶಿಲೀಂಧ್ರದ ಜೀವಕೋಶ ಪೊರೆಯ ಒಂದು ವಸ್ತು) ಅಥವಾ ಪಿಎಲ್‌ಎಫ್‌ಎ (ಜೀವಕೋಶ ಪೊರೆಯ ಕೊಬ್ಬಿನಾಮ್ಲಗಳು) ಪರೀಕ್ಷೆ ಸಿಕ್ಕರೆ ಅದು ಬೇರೆ ಮಾತು, ಅವು ಜೀವರಾಶಿಯನ್ನೇ ಅಂದಾಜು ಮಾಡುತ್ತವೆ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಅವು ಇರುವುದಿಲ್ಲ.

ನಮಗೆ ಸಾಧ್ಯವಾದ್ದು ಸೂಕ್ಷ್ಮದರ್ಶಕ. ಕಾಲೇಜಿನಲ್ಲಿ ಇರುವಂಥದ್ದು ಸಾಕು, ಒಟ್ಟು 400 ಪಟ್ಟು ದೊಡ್ಡದು ಮಾಡಿ ತೋರಿಸಬೇಕು. ರಾಶಿಯ ಮೂರ್ನಾಲ್ಕು ಕಡೆಯಿಂದ, ಒಳಗಿನಿಂದಲೂ, ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ. ಒಂದು ಪಾಲು ಗೊಬ್ಬರಕ್ಕೆ ನಾಲ್ಕು ಪಾಲು ನೀರು. ನಲ್ಲಿಯ ಕ್ಲೋರಿನ್ ನೀರು ಬೇಡ, ಬಾವಿ ನೀರನ್ನು ಕುದಿಸಿ ಆರಿಸಿ ಬಳಸಿ. ಅರ್ಧ ನಿಮಿಷ ಮೆಲ್ಲಗೆ ಅಲ್ಲಾಡಿಸಿ, ಜೋರಾಗಿ ಕುಲುಕಿದರೆ ಎಳೆ ತುಂಡಾಗುತ್ತದೆ. ದೊಡ್ಡ ಕಸ ತಳಕ್ಕೆ ಇಳಿದ ಮೇಲೆ ಒಂದು ಹನಿ ಗಾಜಿನ ಮೇಲೆ, ಮೇಲೊಂದು ತೆಳು ಗಾಜು. ಕೆಳಗಿನ ಬೆಳಕಿನ ಕಿಂಡಿಯನ್ನು ಚಿಕ್ಕದು ಮಾಡಿ. ಬೆಳಕು ಜಾಸ್ತಿ ಇದ್ದರೆ ಬಣ್ಣವಿಲ್ಲದ ಎಳೆ ಕಾಣುವುದೇ ಇಲ್ಲ.

ಅಳತೆಗೆ ಬ್ಯಾಕ್ಟೀರಿಯಾವನ್ನೇ ಇಟ್ಟುಕೊಳ್ಳಿ. ನಡುಗುವ ಪುಟ್ಟ ಚುಕ್ಕೆಗಳು ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅಷ್ಟೇ ತೆಳುವಾದ ಎಳೆ ಕಂಡರೆ ಆಕ್ಟಿನೋಮೈಸೀಟ್ಸ್. ಅದರ ಎರಡು ಮೂರು ಪಟ್ಟು ಅಥವಾ ಇನ್ನೂ ದಪ್ಪ, ಉದ್ದಕ್ಕೂ ಒಂದೇ ಸಮ, ನಡುನಡುವೆ ಅಡ್ಡಗೋಡೆ, ಕೆಲವೊಮ್ಮೆ ಕಂದು ಬಣ್ಣ ಇದ್ದರೆ ಶಿಲೀಂಧ್ರ. ಬೇರಿನ ರೋಮ, ಕೊಳೆತ ನಾರು ಸಹ ಮೋಸ ಮಾಡುತ್ತವೆ. ಅವು ತುದಿಗೆ ಹೋಗುತ್ತಾ ಸಣ್ಣಗಾಗುತ್ತವೆ ಅಥವಾ ಸೀಳಿರುತ್ತವೆ. ಒಂದು ಸಲಕ್ಕೆ ಕಾಣುವ ವೃತ್ತದ ಅಗಲ ಸಾಮಾನ್ಯವಾಗಿ 0.45 ಮಿಲಿಮೀಟರ್. ಎಳೆ ಅದರಲ್ಲಿ ಅರ್ಧ ದಾಟಿದೆಯೋ, ಕಾಲು ದಾಟಿದೆಯೋ ಎಂದು ಬರೆದುಕೊಳ್ಳಿ. ಹಾಗೆ ಗಾಜು ಸರಿಸುತ್ತಾ 20 ಜಾಗ ನೋಡಿ ಸರಾಸರಿ ತೆಗೆಯಿರಿ. ಅಮೆರಿಕದ ಮಣ್ಣುಜೀವಿ ತಜ್ಞೆ ಎಲೇನ್ ಇಂಗಮ್ ಅವರು ಜನಪ್ರಿಯಗೊಳಿಸಿದ ವಿಧಾನ ಹೆಚ್ಚು ಕಡಿಮೆ ಹೀಗೇ ಇದೆ.

ಸುಮ್ನೆ ಒಂದು ಅಂಕಿ ಬಂದರೆ ಅದನ್ನು ಯಾವುದಕ್ಕೆ ಹೋಲಿಸುವುದು? ಇಂಟರ್ನೆಟ್‌ನ ಕೋಷ್ಟಕಕ್ಕಂತೂ ಅಲ್ಲ. ಅದೇ ದಿನ, ಅದೇ ಗಾಜು, ಅದೇ ನೀರಿನಲ್ಲಿ ಇನ್ನೆರಡು ಮಾದರಿ ನೋಡಿ. ಒಂದು ನಿಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ದರಕಿನ ಕೆಳಗಿನದು, ಇನ್ನೊಂದು ನಿಮ್ಮ ಹಳೆಯ ಗೊಬ್ಬರಗುಂಡಿಯದು. ಹೊಸ ರಾಶಿ ಬೆಟ್ಟದ ಮಾದರಿಯ ಹತ್ತಿರ ಬಂದಿದ್ದರೆ ಗೆದ್ದಿರಿ. ಗುಂಡಿಯ ಹಾಗೇ ಇದ್ದರೆ ಇನ್ನೂ ಕೆಲವು ತಿಂಗಳು ಬಿಡಿ. ಇದರ ಜೊತೆ ಬೀಜದ ಪರೀಕ್ಷೆಯನ್ನೂ ಮಾಡಿ. ಗೊಬ್ಬರ ಅರ್ಧ, ಮಣ್ಣು ಅರ್ಧ ಬೆರೆಸಿ ಹೆಸರುಕಾಳೋ ಮೂಲಂಗಿಯೋ ಹಾಕಿದರೆ ಬರಿ ಮಣ್ಣಿನಷ್ಟೇ ಚೆನ್ನಾಗಿ ಮೊಳೆಯಬೇಕು. ಮೊಳಕೆ ಸುಟ್ಟಂತಾದರೆ ಗೊಬ್ಬರ ಇನ್ನೂ ಹಸಿ.

ನಿರೀಕ್ಷೆ ತಪ್ಪದಿರಲಿ ಎಂದು ಎರಡು ಮಾತು. ಬೇರಿನೊಳಗೆ ಹೊಕ್ಕು ರಂಜಕ ತಂದುಕೊಡುವ ಮೈಕೊರೈಜಾ ಈ ರಾಶಿಯಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಬೇರು ಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರಂಥವರು ದಶಕಗಳ ಕಾಲ ಕೆಲಸ ಮಾಡಿದ್ದು ಈ ಶಿಲೀಂಧ್ರಗಳ ಮೇಲೆ. ವ್ಯಾಮ್ (ವಿಎಎಂ) ಎಂದು ಮಾರುವ ಮೈಕೊರೈಜಾವನ್ನು ಗಿಡದ ಬೇರಿನಲ್ಲಿ ಬೆಳೆಸುವುದು ಅದಕ್ಕಾಗಿಯೇ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಕಚ್ಚಿಕೊಂಡು ಕೂತಿರುತ್ತದೆ, ಆದ್ದರಿಂದ ಮೈಕೊರೈಜಾ ನಮಗೆ ತುಂಬಾ ಬೇಕು. ಅದನ್ನು ಉಳಿಸಿಕೊಳ್ಳಲು ತೋಟದ ನೆಲವನ್ನು ಬೋಳು ಕೆತ್ತುವುದನ್ನು ಬಿಡಿ, ಹುಲ್ಲನ್ನು ಕತ್ತರಿಸಿ ಅಲ್ಲೇ ಹಾಕಿ.

ಎರಡನೆಯದು, ಇದು ಹೆಪ್ಪು, ಊಟವಲ್ಲ. ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಕೊಟ್ಟಿಗೆ ಗೊಬ್ಬರ, 12 ಕಿಲೋ ಹಸಿ ಸೊಪ್ಪು ಎಂಬ ಶಿಫಾರಸು ಇದೆಯಲ್ಲ, ಅದರ ಜಾಗಕ್ಕೆ ಇದು ಬರುವುದಿಲ್ಲ. ಮರಕ್ಕೆ ಒಂದೆರಡು ಹಿಡಿ, ಬುಡದಿಂದ ಸ್ವಲ್ಪ ದೂರ, ಸೊಪ್ಪಿನ ಹೊದಿಕೆ ಸರಿಸಿ ಹಾಕಿ ಮತ್ತೆ ಮುಚ್ಚಿ. ಸಸಿ ನೆಡುವಾಗ ನೀರಲ್ಲಿ ಕಲಸಿ ಬೇರಿಗೆ ಸವರಿದರೆ ಇನ್ನೂ ಒಳ್ಳೆಯದು.

ಹಾಕುವ ಸಮಯ ನೋಡಿಕೊಳ್ಳಿ. ಕೊಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತದ ಕೆಲಸವೇ ಶಿಲೀಂಧ್ರ ಕೊಲ್ಲುವುದು. ಗೊನೆಯಿಂದ ತೊಟ್ಟಿಕ್ಕಿದ್ದು ಮಣ್ಣಿಗೇ ಬೀಳುತ್ತದೆ, ತಾಮ್ರ ಅಲ್ಲೇ ಉಳಿಯುತ್ತದೆ. ಕೊಳೆಯ ವರ್ಷ ಔಷಧಿ ಹೊಡೆಯದೆ ಇರಲು ಆಗುವುದಿಲ್ಲ, ಅದು ನನಗೂ ಗೊತ್ತು. ಹಾಗಾಗಿ ಕೊನೆಯ ಸಿಂಪಡಣೆ ಮುಗಿದು, ಮಳೆ ಹಿಂದೆ ಸರಿದು, ಮಣ್ಣಲ್ಲಿ ಇನ್ನೂ ತೇವ ಇರುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಹಾಕಿ. ಮುಂದಿನ ಮಳೆಗಾಲದವರೆಗೆ ಎಳೆ ಹಬ್ಬಲು ಏಳೆಂಟು ತಿಂಗಳು ಸಿಗುತ್ತದೆ. ಬೇಸಿಗೆಯಲ್ಲಿ ಹೊದಿಕೆ ಒಣಗದಂತೆ ನೀರು ಮಾತ್ರ ಕೊಡುತ್ತಿರಿ.