ಹಜಾರದಲ್ಲಿ ಆಡಿದ ಮಾತು, ಅಡುಗೆಮನೆಯಲ್ಲಿ ಕೇಳಿದ ಕ್ಷಮೆ

ಮಂಡ್ಯದ ಓದುಗರೊಬ್ಬರ ಪತ್ರದ ಸಾರ ಇದು: ಗೌರಿ ಹಬ್ಬಕ್ಕೆ ತವರಿನ ಬಾಗಿನ ತಂದಿದ್ದ ಬಾಮೈದನ ಎದುರಿಗೇ ಅವರು ಹೆಂಡತಿಗೆ, ‘ಬಾಗಿನದ ನೆಪದಲ್ಲಿ ಸಾಲ ಕೇಳಲು ಬಂದಿದ್ದಾನೆ, ನಿಮ್ಮದು ಬೇಡುವ ವಂಶ’ ಎಂದುಬಿಟ್ಟರು. ಮರುದಿನ ಅಡುಗೆಮನೆಯಲ್ಲಿ ‘ಸಿಟ್ಟಿನಲ್ಲಿ ಬಂದ ಮಾತು, ಬಿಟ್ಟುಬಿಡು’ ಎಂದರು. ಮೈಸೂರಿನಿಂದ ರೇಷ್ಮೆ ಸೀರೆಯನ್ನೂ ತಂದರು. ಸೀರೆ ಮಡಿಕೆ ಬಿಚ್ಚದೆ ಬೀರುವಿನಲ್ಲಿದೆ; ಆಕೆ ಎಷ್ಟು ಬೇಕೋ ಅಷ್ಟೇ ಮಾತನಾಡುತ್ತಾರೆ. ‘ಇನ್ನೇನು ಮಾಡಲಿ?’ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನೀವು ಉಲ್ಲೇಖಿಸಿದ್ದೀರಿ. ಸಾರಿಗೆ ಉಪ್ಪು ಹೆಚ್ಚಾದ, ಕರೆಂಟ್ ಬಿಲ್ ಕಟ್ಟಲು ಮರೆತ ಜಗಳಗಳಿಗೆ ಆ ಗಾದೆ ಸಲ್ಲುತ್ತದೆ. ತವರನ್ನು ಹೀಯಾಳಿಸಿದ ಮಾತಿಗೆ ಸಲ್ಲುವುದಿಲ್ಲ. ದಂಪತಿಗಳ ಜಗಳಗಳನ್ನೇ ದಶಕಗಳ ಕಾಲ ಅಭ್ಯಾಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರು, ದಾಂಪತ್ಯಕ್ಕೆ ಸಿಟ್ಟಿಗಿಂತ ತಿರಸ್ಕಾರವೇ ಹೆಚ್ಚು ಅಪಾಯಕಾರಿ ಎಂದು ಕಂಡುಕೊಂಡರು. ನೀವು ಸಿಟ್ಟಿಗಾಗಿ ಕ್ಷಮೆ ಕೇಳಿದ್ದೀರಿ. ನಿಮ್ಮ ಪತ್ನಿಗೆ ನಾಟಿರುವುದು ತಿರಸ್ಕಾರ.

ನಿಮ್ಮ ಕ್ಷಮಾಪಣೆಯಲ್ಲಿ ಆಡಿದ ಮಾತು ಯಾವುದೆಂಬುದೇ ಇಲ್ಲ. ‘ಬಿಟ್ಟುಬಿಡು’ ಎಂದು ಮರೆಯುವ ಹೊಣೆಯನ್ನೂ ನೊಂದವರಿಗೇ ಹೊರಿಸಿದ್ದೀರಿ. ಚೀಟಿಯ ಕಂತು ಕಟ್ಟಲಾಗದ ಚಿಂತೆಯಲ್ಲಿದ್ದೆನೆಂದು ಬರೆದಿದ್ದೀರಿ; ಅದು ನಿಜವೇ ಇರಬಹುದು, ಆದರೆ ಕ್ಷಮೆ ಕೇಳುವಾಗಲೇ ಅದನ್ನು ಸೇರಿಸಿದರೆ ಸಮರ್ಥನೆಯಾಗುತ್ತದೆ. ‘ನಿನ್ನ ತಮ್ಮನ ಎದುರು ನಿನ್ನ ಮನೆತನವನ್ನು ಬೇಡುವ ವಂಶ ಎಂದೆ, ಅದು ಸುಳ್ಳು, ಹಾಗೆಂದದ್ದು ನನ್ನ ತಪ್ಪು’ ಎಂದು ಆಡಿದ್ದನ್ನು ಆಡಿದಂತೆಯೇ ಹೇಳಿ ಒಪ್ಪಿಕೊಳ್ಳಿ. ಆಮೇಲೆ ಆಕೆ ಹಳೆಯದನ್ನೆಲ್ಲ ಎತ್ತಿದರೂ ನಡುವೆ ಬಾಯಿ ಹಾಕಬೇಡಿ. ಎದೆಬಡಿತ ಏರಿ ಬಿರುಸಿನ ಮಾತು ಬರುವಂತಾದರೆ, ಗಾಟ್‌ಮನ್ ಅವರೇ ಸೂಚಿಸುವಂತೆ ಕನಿಷ್ಠ 20 ನಿಮಿಷ ಬಿಡುವು ಪಡೆಯಿರಿ. ಆದರೆ ಮತ್ತೆ ಬಂದು ಕೂರುತ್ತೇನೆಂದು ಹೇಳಿಯೇ ಏಳಿ, ಹೇಳಿದಂತೆ ಬನ್ನಿ. ಹೇಳದೆ ಬೈಕ್ ಹತ್ತಿ ಹೊರಟರೆ ಅದೂ ಅವಮಾನವೇ.

ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಬೇರೆ. ಮಾತು ಬಿದ್ದದ್ದು ಹಜಾರದಲ್ಲಿ, ತಮ್ಮನ ಕಿವಿಗೆ. ಕ್ಷಮೆ ಕೇಳಿದ್ದು ಅಡುಗೆಮನೆಯಲ್ಲಿ, ಯಾರಿಗೂ ಕೇಳದಂತೆ. ಮುಂದಿನ ಗೌರಿಗೆ ತಮ್ಮ ಬಾಗಿನ ಹಿಡಿದು ನಿಮ್ಮ ಹೊಸಿಲು ದಾಟುವನೋ ಇಲ್ಲವೋ ಎಂಬ ಅಳುಕು ನಿಮ್ಮ ಪತ್ನಿಯನ್ನು ಕಾಡುತ್ತಿರಬಹುದು, ಅದನ್ನು ಯಾವ ಸೀರೆಯೂ ಕಳೆಯಲಾರದು. ದಸರೆಗೆ ಮೊದಲು ಪಾಂಡವಪುರದ ಬಳಿಯ ಅವರ ಊರಿಗೆ ನೀವೇ ಹೋಗಿ, ಬಾಮೈದನ ಎದುರು ಕುಳಿತು ಆ ಮಾತನ್ನು ಹಿಂದಕ್ಕೆ ಪಡೆಯಿರಿ. ಹಬ್ಬಕ್ಕೆ ಮನೆಗೆ ಕರೆಯಿರಿ. ಹೊರಡುವ ಮೊದಲು ಪತ್ನಿಯನ್ನು ಕೇಳಿ. ಈಗ ಬೇಡವೆಂದರೆ ಕಾಯಿರಿ. ಬೀರುವಿನಲ್ಲಿರುವ ಸೀರೆಯ ವಿಷಯವನ್ನು ಅಲ್ಲಿಯವರೆಗೆ ಎತ್ತಬೇಡಿ.

— ಸಂಪಾದಕ