ಅತ್ತೆಯ ಹಾಸಿಗೆ ಪಕ್ಕದಲ್ಲಿ ಯೇಸು ಎಲ್ಲಿದ್ದಾನೆ?

ಪ್ರಶ್ನೆ: ಅಕ್ಕಾ, ನಾನು ಹುಬ್ಬಳ್ಳಿಯವಳು, ವಯಸ್ಸು 44. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಎರಡೂವರೆ ವರ್ಷದ ಹಿಂದೆ ನಮ್ಮ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ಹೊರಡುವುದಿಲ್ಲ. ಊಟ, ಸ್ನಾನ, ಡೈಪರ್, ರಾತ್ರಿ ಎದ್ದು ಮಗ್ಗುಲು ಬದಲಿಸುವುದು ಎಲ್ಲಾ ನನ್ನದೇ. ಹೊಲಿಗೆ ಕೆಲಸ ಬಿಟ್ಟೆ. ಯಜಮಾನರು ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಮೈದುನ ಬೆಂಗಳೂರಿನಲ್ಲಿ, ನಾದಿನಿ ಧಾರವಾಡದಲ್ಲಿ. ಫೋನ್ ಮಾಡಿ ವಿಚಾರಿಸುತ್ತಾರೆ, ಅಷ್ಟೇ. ಮೊದಲು ನಾನು ಚರ್ಚಿನಲ್ಲಿ ಹಾಡುವವರ ಜೊತೆ ನಿಲ್ಲುತ್ತಿದ್ದೆ. ಈಗ ಆರಾಧನೆಗೆ ಹೋಗಿಯೇ ತಿಂಗಳುಗಳಾದವು. ಪ್ರಾರ್ಥನೆಗೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗಾಗುತ್ತದೆ. ಸ್ತ್ರೀಯರ ಕೂಟದವರೊಬ್ಬರು ಬಂದು, ‘ನಿಮ್ಮ ಮನೇಲಿ ಏನೋ ಪಾಪ ಉಳಿದಿದೆ, ಅದಕ್ಕೇ ಸ್ವಸ್ಥತೆ ಆಗ್ತಿಲ್ಲ, ಉಪವಾಸ ಮಾಡಿ’ ಅಂದರು. ಮೊನ್ನೆ ರಾತ್ರಿ ಮೂರನೇ ಸಲ ಎದ್ದಾಗ, ‘ಇವರು ಯಾವಾಗ ಹೋಗ್ತಾರೋ’ ಅಂತ ಮನಸ್ಸಿಗೆ ಬಂತು. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಪಿಯುಸಿ ಓದುವ ಮಗಳು, ‘ಅಮ್ಮಾ, ಯೇಸು ನಮ್ಮನೇಲಿ ಇದ್ದಾನಾ?’ ಅಂತ ಕೇಳಿದಳು. ಏನು ಹೇಳಲಿ? ನನ್ನ ನಂಬಿಕೆ ಸತ್ತುಹೋಗಿದೆಯಾ?

ಉತ್ತರ:

ತಂಗಿ, ನಿಮ್ಮ ನಂಬಿಕೆ ಸತ್ತಿಲ್ಲ. ಸತ್ತಿದ್ದರೆ ಈ ಪತ್ರ ಬರುತ್ತಿರಲಿಲ್ಲ. ಯೇಸು ಇದ್ದಾನೋ ಇಲ್ಲವೋ ಎಂಬುದು ನಿಮಗೆ ಬೇಡವಾದ ವಿಷಯ ಆಗಿದ್ದರೆ, ಮಧ್ಯರಾತ್ರಿ ಬಂದ ಒಂದು ಯೋಚನೆಗೆ ನೀವು ಇಷ್ಟು ನೋಯುತ್ತಿರಲಿಲ್ಲ. ನಿಮಗಿರುವುದು ದಣಿವು. ಎರಡೂವರೆ ವರ್ಷ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡದ ದೇಹದ ದಣಿವು.

ಆ ಪಾಪದ ಮಾತನ್ನು ಮೊದಲು ಮುಗಿಸಿಬಿಡೋಣ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಬ್ಬ ಹುಟ್ಟುಕುರುಡ ಬರುತ್ತಾನೆ. ಇದು ಯಾರು ಮಾಡಿದ ಪಾಪ, ಇವನದೋ ಇವನ ಅಪ್ಪ ಅಮ್ಮನದೋ ಎಂದು ಶಿಷ್ಯರು ಕೇಳುತ್ತಾರೆ. ಇವನದೂ ಅಲ್ಲ, ಅವರದೂ ಅಲ್ಲ ಎಂದು ಯೇಸು ನೇರವಾಗಿ ಹೇಳುತ್ತಾನೆ. ಲಕ್ವಾ ಹೊಡೆಯುವುದು ಮೆದುಳಿಗೆ ಹೋಗುವ ರಕ್ತ ನಿಂತಾಗ, ಇಲ್ಲವೇ ಅಲ್ಲಿ ರಕ್ತನಾಳ ಒಡೆದಾಗ. ಬಿ.ಪಿ., ಶುಗರ್ ಇದ್ದವರಿಗೆ ಇದರ ಅಪಾಯ ಜಾಸ್ತಿ. ಅದಕ್ಕೂ ನಿಮ್ಮ ಮನೆಯ ಪಾಪಪುಣ್ಯಕ್ಕೂ ಸಂಬಂಧವಿಲ್ಲ. ನಿದ್ದೆಯಿಲ್ಲದ, ಹೊತ್ತಿಗೆ ಸರಿಯಾಗಿ ಉಣ್ಣದ ಹೆಂಗಸಿಗೆ ಉಪವಾಸ ಮಾಡು ಎಂದು ಹೇಳಿದ್ದು ತಪ್ಪು. ದಯವಿಟ್ಟು ಮಾಡಬೇಡಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಯೇಸು ಹತ್ತಿರ ಇದ್ದರೆ ಅದು ಮನಸ್ಸಿಗೆ ಗೊತ್ತಾಗಬೇಕು ಅಂತ ನೀವು ಅಂದುಕೊಂಡಿದ್ದೀರಿ. ಪ್ರಾರ್ಥನೆ ಮಾಡಿದಾಗ ಎದೆ ಹಗುರಾಗಬೇಕು, ಕಣ್ಣು ತುಂಬಬೇಕು. ಕೂಟಗಳಲ್ಲಿ ಸಾಕ್ಷಿ ಹೇಳುವವರು ಸಾಮಾನ್ಯವಾಗಿ ಹಾಗೇ ಹೇಳುತ್ತಾರೆ, ಅಲ್ವಾ? ಅಂಥ ಗಳಿಗೆಗಳು ಸುಳ್ಳಲ್ಲ. ನೀವು ಆರಾಧನೆಯಲ್ಲಿ ನಿಂತು ಹಾಡುವಾಗ ನಿಮಗೂ ಆಗಿರುತ್ತವೆ. ಆದರೆ ಯೇಸು ಇದ್ದಾನೆ ಎನ್ನುವುದಕ್ಕೆ ಅದೊಂದೇ ಗುರುತು ಎಂದು ಸತ್ಯವೇದ (ಬೈಬಲ್) ಎಲ್ಲೂ ಹೇಳುವುದಿಲ್ಲ.

ಮತ್ತಾಯ 25ನೇ ಅಧ್ಯಾಯದ ಕೊನೆಯ ಭಾಗವನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಹಸಿದವರಿಗೆ ಊಟ ಕೊಟ್ಟವರಿಗೆ, ಬಾಯಾರಿದವರಿಗೆ ನೀರು ಕೊಟ್ಟವರಿಗೆ, ರೋಗಿಗಳನ್ನು ನೋಡಿಕೊಂಡವರಿಗೆ, ಅದನ್ನೆಲ್ಲಾ ನೀವು ನನಗೇ ಮಾಡಿದಿರಿ ಎಂದು ಅರಸನು, ಅಂದರೆ ಕ್ರಿಸ್ತನು, ಹೇಳುವ ಭಾಗ. ಸೇವೆ ಮಾಡಿ ಎಂದು ಹೇಳುವುದಕ್ಕೆ ಇದನ್ನು ಓದುತ್ತಾರೆ. ಆದರೆ ಆ ಮಾತಿಗೆ ನೀತಿವಂತರು ಕೊಡುವ ಉತ್ತರವನ್ನು ಒಮ್ಮೆ ನಿಧಾನವಾಗಿ ಓದಿ. ‘ಕರ್ತನೇ, ನಾವು ಯಾವಾಗ ನಿನ್ನನ್ನು ನೋಡಿದೆವು?’ ಎಂದು ಅವರು ಕೇಳುತ್ತಾರೆ. ಅವರಿಗೆ ಗೊತ್ತೇ ಆಗಿರಲಿಲ್ಲ! ಊಟ ಬಡಿಸುವಾಗ, ನೀರು ಕುಡಿಸುವಾಗ ಅವರಿಗೆ ಏನೂ ಅನ್ನಿಸಿರಲಿಲ್ಲ. ಎದುರಿಗೆ ಕಂಡದ್ದು ಹಸಿದ ಒಬ್ಬ ಮನುಷ್ಯ ಮಾತ್ರ. ಅನ್ನಿಸಲಿಲ್ಲ ಎಂಬ ಕಾರಣಕ್ಕೆ ಯೇಸು ಅಲ್ಲಿ ಇಲ್ಲದೆ ಹೋಗಲಿಲ್ಲ.

ನಿಮ್ಮ ಅತ್ತೆಯ ತೊಡೆ ಒರೆಸಿ ಪೌಡರ್ ಹಾಕುವಾಗ, ಗಂಜಿ ಬಾಯಿಂದ ಸೋರಿದ್ದನ್ನು ಸೆರಗಿನಿಂದ ಒರೆಸುವಾಗ, ನಿಮಗೆ ಕಾಣುವುದು ಅತ್ತೆ. ಬೇಜಾರು ಬರುತ್ತದೆ, ವಾಸನೆ ಬರುತ್ತದೆ, ಸೊಂಟ ನೋಯುತ್ತದೆ. ಅದೇ ಹೊತ್ತಿಗೆ ನಿಮ್ಮ ಕೈ ಮುಟ್ಟುತ್ತಿರುವುದು ಕ್ರಿಸ್ತನನ್ನು. ಇದು ನಿಮ್ಮನ್ನು ಸಮಾಧಾನ ಮಾಡಲು ನಾನು ಕಟ್ಟಿದ ಮಾತಲ್ಲ. ಅವನೇ ಹೇಳಿದ ಮಾತು.

ಮದರ್ ತೆರೇಸಾ ಅವರನ್ನು ನೋಡಿ. ಅವರು 1997ರಲ್ಲಿ ತೀರಿಕೊಂಡರು. ತಮ್ಮ ಗುರುಗಳಿಗೆ ಬರೆದಿದ್ದ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಓದಿದವರು ಬೆರಗಾದರು. ಕೋಲ್ಕತ್ತಾದ ಬೀದಿಗಳಲ್ಲಿ ಸೇವೆ ಶುರು ಮಾಡಿದ ಕಾಲದಿಂದ ಹೆಚ್ಚುಕಡಿಮೆ ಕೊನೆಯವರೆಗೂ, ಪ್ರಾರ್ಥನೆಯಲ್ಲಿ ಅವರಿಗೆ ಸಿಕ್ಕಿದ್ದು ಕತ್ತಲೆ. ದೇವರು ತನ್ನನ್ನು ಬಿಟ್ಟಿದ್ದಾನೆ ಎಂಬ ಭಾವನೆ. ಆದರೂ ದಿನಾ ಬೆಳಿಗ್ಗೆ ಎದ್ದು ಸಾಯುತ್ತಿರುವವರ ಮೈ ತೊಳೆದರು. ಕ್ಯಾಥೊಲಿಕ್ ಸಭೆ 2016ರಲ್ಲಿ ಅವರನ್ನು ಸಂತರೆಂದು ಸಾರಿದ್ದು ಈ ಪತ್ರಗಳು ಗೊತ್ತಿದ್ದೂ ಅಲ್ವಾ. ನೀವು ಸಿಎಸ್‌ಐನವರು, ಸಂತರ ಲೆಕ್ಕ ನಮ್ಮಲ್ಲಿಲ್ಲ. ಆದರೆ ಆ ಹೆಂಗಸಿನ ಕತ್ತಲೆ ನಿಮ್ಮದೇ ಕತ್ತಲೆ. 88ನೇ ಕೀರ್ತನೆಯನ್ನೂ ಓದಿ. ಬೇರೆ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಗೆ ಹೊರಳುತ್ತವೆ. ಇದು ಹೊರಳುವುದಿಲ್ಲ. ಕತ್ತಲೆಯಲ್ಲೇ ನಿಂತುಬಿಡುತ್ತದೆ. ಅದನ್ನೂ ಪ್ರಾರ್ಥನೆ ಎಂದೇ ಸತ್ಯವೇದದೊಳಗೆ ಇಟ್ಟಿದ್ದಾರೆ. ಗೋಡೆಗೆ ಆಡಿದಂತೆ ಅನ್ನಿಸಿದ ನಿಮ್ಮ ಮಾತುಗಳೂ ಪ್ರಾರ್ಥನೆಯೇ.

ಆ ರಾತ್ರಿಯ ಯೋಚನೆ ಬಗ್ಗೆ ಹೇಳುತ್ತೇನೆ. ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಎಷ್ಟೋ ಜನರಿಗೆ ಹಾಗೆ ಅನ್ನಿಸುತ್ತದೆ. ಹೆಚ್ಚಿನವರು ಬಾಯಿ ಬಿಡುವುದಿಲ್ಲ, ಅಷ್ಟೇ. ಅತ್ತೆ ಸಾಯಲಿ ಎಂದು ನೀವು ಬಯಸಿದ್ದಲ್ಲ. ಈ ಕಷ್ಟ ಇಬ್ಬರಿಗೂ ಮುಗಿಯಲಿ ಎಂದು ಬಯಸಿದ್ದು. ಸತ್ಯವೇದದ ಅರಣ್ಯಕಾಂಡ 11ನೇ ಅಧ್ಯಾಯದಲ್ಲಿ, ಇಸ್ರಾಯೇಲ್ ಜನರನ್ನು ನಡೆಸುತ್ತಿದ್ದ ಮೋಶೆ ಇದಕ್ಕಿಂತ ಜೋರಾಗಿ ದೇವರ ಮುಂದೆ ಕೂಗಾಡುತ್ತಾನೆ. ಈ ಜನರನ್ನೆಲ್ಲಾ ನಾನು ಹೆತ್ತೆನಾ, ದಾದಿಯು ಮಗುವನ್ನು ಎತ್ತಿಕೊಳ್ಳುವ ಹಾಗೆ ಇವರನ್ನು ಎತ್ತಿಕೊಂಡು ಹೋಗು ಅನ್ನುತ್ತೀಯಲ್ಲ, ಒಬ್ಬನಿಂದ ಆಗುವುದಿಲ್ಲ, ಹೀಗೇ ನಡೆಸುವುದಾದರೆ ನನ್ನನ್ನು ಕೊಂದುಬಿಡು ಎನ್ನುತ್ತಾನೆ. ದೇವರು ಅವನಿಗೆ ನಿನ್ನ ನಂಬಿಕೆ ಕಮ್ಮಿ ಅನ್ನಲಿಲ್ಲ. ಹೋಗಿ ಉಪವಾಸ ಮಾಡು ಅನ್ನಲಿಲ್ಲ. ಹಿರಿಯರಲ್ಲಿ 70 ಜನರನ್ನು ಕರೆದುಕೊಂಡು ಬಾ, ಇನ್ನು ಮೇಲೆ ಅವರು ನಿನ್ನ ಜೊತೆ ಭಾರ ಹೊರುತ್ತಾರೆ ಅಂದನು.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದಾಗ ನನಗೆ ಕಾಣಿಸಿದ್ದು ಇದೇ. ‘ಎಲ್ಲಾ ನನ್ನದೇ’ ಎಂದು ಬರೆದಿದ್ದೀರಿ. ಯಾಕೆ ಎಲ್ಲಾ ನಿಮ್ಮದೇ ಆಯಿತು? ಅತ್ತೆಗೆ ಮೂರು ಮಕ್ಕಳಿದ್ದಾರೆ. ಮತ್ತಾಯನ ಆ ಅಧ್ಯಾಯದಲ್ಲಿ ನೀವು ಒಂದೇ ಕಡೆ ನಿಂತಿಲ್ಲ, ತಂಗಿ. ರೋಗಿಯನ್ನು ನೋಡಿಕೊಳ್ಳುತ್ತಿರುವವರೂ ನೀವೇ, ಯಾರೂ ನೋಡಲು ಬಾರದೆ ಮನೆಯೊಳಗೆ ಕೂತವರೂ ನೀವೇ. ನಿಮ್ಮ ನಾದಿನಿ, ಮೈದುನ, ನಿಮ್ಮ ಯಜಮಾನರು, ನಿಮ್ಮ ಸಭೆ ಇವರೆಲ್ಲಾ ಕ್ರಿಸ್ತನನ್ನು ಕಾಣಬೇಕಾದ ಜಾಗಗಳಲ್ಲಿ ನೀವೂ ಒಂದು. ಪಾಪ ಹುಡುಕಲು ಬಂದ ಆ ಸಹೋದರಿ ಅರ್ಧ ದಿನ ಅತ್ತೆಯ ಪಕ್ಕ ಕೂತು ನಿಮ್ಮನ್ನು ಮಲಗಲು ಬಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನಾನು ಇದನ್ನು ಕೋಪದಿಂದಲೇ ಬರೆಯುತ್ತಿದ್ದೇನೆ. ಹಾಸಿಗೆ ಹಿಡಿದವರಿಗಾಗಿ ಆರಾಧನೆಯಲ್ಲಿ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ. ಅವರನ್ನು ಎತ್ತಿ ಕೂರಿಸುವ ಸೊಸೆಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಹಾಗಾಗಿ ಕೇಳಿ. ಬಾಯಿಬಿಟ್ಟು ಕೇಳಿ. ಧಾರವಾಡ ನಿಮ್ಮಿಂದ 20 ಕಿಲೋಮೀಟರ್. ನಾದಿನಿಗೆ ‘ಸ್ವಲ್ಪ ಸಹಾಯ ಮಾಡ್ರಿ’ ಅಂದರೆ ಆಗಲಿ ನೋಡೋಣ ಅಂದುಬಿಡುತ್ತಾರೆ. ‘ಪ್ರತಿ ಎರಡನೇ ಭಾನುವಾರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಅವ್ವನ ಹತ್ತಿರ ನೀವು ಇರಬೇಕು’ ಅನ್ನಿ. ಮೈದುನ ದೂರ ಇದ್ದಾರೆ, ಸರಿ. ರಾತ್ರಿ ಪಾಳಿಗೆ ವಾರಕ್ಕೆ ಎರಡು ದಿನ ಒಬ್ಬ ಆಯಾ ಇಟ್ಟುಕೊಂಡರೆ ಆ ಖರ್ಚು ಅವರು ಕೊಡಬಹುದು. ಈ ಮಾತನ್ನು ನಿಮ್ಮ ಯಜಮಾನರು ಆಡಲಿ. ಅವರ ತಾಯಿ, ಅವರ ತಮ್ಮ, ಅವರ ತಂಗಿ. ಮತ್ತೆ ಅವರೂ ವಾರದಲ್ಲಿ ಎರಡು ರಾತ್ರಿ ಎದ್ದು ಮಗ್ಗುಲು ಬದಲಿಸಲಿ. ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಎಂದು ಡಾಕ್ಟರು ನಿಮಗೆ ಹೇಳಿರುತ್ತಾರಲ್ಲ, ಅವರಿಗೂ ತೋರಿಸಿಕೊಡಿ. ತಾಯಿಯ ಮೈ ಮುಟ್ಟಲು ಮಗನಿಗೆ ಸಂಕೋಚ ಎಂಬ ಮಾತು ನಮ್ಮಲ್ಲಿದೆ. ಆ ಸಂಕೋಚ ಬಿಡಲಿ. ಶಿಲುಬೆಯ ಮೇಲಿದ್ದಾಗಲೂ ಯೇಸು ತನ್ನ ತಾಯಿಯನ್ನು ಯಾರು ನೋಡಿಕೊಳ್ಳಬೇಕು ಎಂದು ಏರ್ಪಾಡು ಮಾಡಿದನು.

ಪ್ರಾರ್ಥನೆಗೆಂದು ನೀವು ಇನ್ನೊಂದು ಗಂಟೆ ಎಲ್ಲಿಂದಲೂ ಹೊಂದಿಸಬೇಕಿಲ್ಲ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದಲ್ಲಿ ಲಾರೆನ್ಸ್ ಎಂಬ ಸಹೋದರ ಇದ್ದರು. ಮೊದಲು ಸೈನಿಕ, ಯುದ್ಧದಲ್ಲಿ ಗಾಯಗೊಂಡು ಕುಂಟರಾದವರು. ಮಠದಲ್ಲಿ ಅವರಿಗೆ ಕೊಟ್ಟದ್ದು ಅಡುಗೆಮನೆ ಕೆಲಸ. ಅದು ಅವರಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಸುಲಭವಾಗಿ ಬರಲಿಲ್ಲ. ಮೊದಲ ಹತ್ತು ವರ್ಷ ತುಂಬಾ ಒದ್ದಾಡಿದೆ ಎಂದು ಅವರೇ ಬರೆದಿದ್ದಾರೆ. ನೀವೂ ಅತ್ತೆಯನ್ನು ಮಗ್ಗುಲು ಹೊರಳಿಸುವಾಗ ‘ಕರ್ತನೇ, ಕನಿಕರಿಸು’ ಅನ್ನಿ, ಸಾಕು. ಕೋಪ ಬಂದಿದ್ದರೆ ಕೋಪದಲ್ಲೇ ಅನ್ನಿ.

ಮತ್ತೆ, ಹಾಡಿ. ಇದನ್ನು ಒತ್ತಿ ಹೇಳುತ್ತೇನೆ. ಬಲಭಾಗ ಬಿದ್ದು ಮಾತು ನಿಂತಿದೆ ಎಂದು ಬರೆದಿದ್ದೀರಿ. ಮಾತಿನ ಕೆಲಸ ಹೆಚ್ಚಿನವರಲ್ಲಿ ಮೆದುಳಿನ ಎಡಭಾಗದ್ದು. ಬಲಗೈ ಬಲಗಾಲನ್ನು ಆಡಿಸುವುದೂ ಅದೇ ಭಾಗ. ಅಲ್ಲಿ ಪೆಟ್ಟಾಗಿ ಒಂದು ಮಾತೂ ಆಡಲಾಗದವರು ಎಷ್ಟೋ ಸಲ ಹಳೆಯ, ಬಾಯಿಪಾಠವಾದ ಹಾಡನ್ನು ಶಬ್ದ ಸಮೇತ ಹಾಡಿಬಿಡುತ್ತಾರೆ. ಮಾತಿನ ಚಿಕಿತ್ಸೆ ಕೊಡುವವರು ಇದನ್ನು ಬಳಸಿಕೊಳ್ಳುತ್ತಾರೆ. ಎಲ್ಲರಿಗೂ ಆಗುತ್ತದೆ ಎಂದು ಹೇಳಲಾರೆ. ಆದರೆ ನಿಮ್ಮ ಅತ್ತೆ ಚಿಕ್ಕಂದಿನಿಂದ ಕೇಳಿದ ಗೀತೆಗಳು ಯಾವುವು ಎಂದು ನಿಮಗೆ ಗೊತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕ್ರೈಸ್ತ ಪ್ರಚಾರಕರು ಹುಬ್ಬಳ್ಳಿಗೆ 1839ರಲ್ಲಿ ಬಂದರು. ಅವರು ಜರ್ಮನ್ ರಾಗಗಳಿಗೆ ಕೂರಿಸಿದ ಕನ್ನಡ ಗೀತೆಗಳನ್ನು ನಮ್ಮ ಸಭೆಗಳಲ್ಲಿ ಇಂದಿಗೂ ಹಾಡುತ್ತೇವೆ. ಅದರಲ್ಲಿ ಅವರಿಗೆ ಇಷ್ಟವಾದ ಒಂದನ್ನು ಆರಿಸಿ, ಮುಖ ನೋಡುತ್ತಾ, ನಿಧಾನವಾಗಿ ಹಾಡಿ. ಮೊದಲ ಸಾಲಿನ ಕೊನೆಯ ಮಾತನ್ನು ಅವರಿಗೆ ಬಿಡಿ. ಅವರು ದನಿಗೂಡಿಸದಿದ್ದರೂ ಪರವಾಗಿಲ್ಲ. ಹಾಡು ನಿಮಗೂ ಬೇಕು. ಚರ್ಚಿಗೆ ಹೋಗುವುದು ನಿಂತಿತು ಎಂದು ಹಾಡುವುದೂ ನಿಲ್ಲಬೇಕಿಲ್ಲ.

ಮಗಳಿಗೆ ಸುಳ್ಳು ಹೇಳಬೇಡಿ. ಹದಿನೇಳರ ಮಕ್ಕಳಿಗೆ ಸುಳ್ಳು ಬೇಗ ಗೊತ್ತಾಗುತ್ತದೆ. ‘ಇದ್ದಾನೆ ಅಂತ ನಂಬ್ತೀನಿ, ಈಗ ನನಗೆ ಹಾಗೆ ಅನ್ನಿಸ್ತಿಲ್ಲ’ ಅನ್ನಿ. ಈ ಎರಡೂ ಮಾತು ಒಂದೇ ಬಾಯಲ್ಲಿ ಬರಬಹುದು ಎಂದು ಅವಳಿಗೂ ಗೊತ್ತಾಗಲಿ. ಮುಂದೆ ಅವಳಿಗೂ ಇಂಥ ದಿನ ಬಂದಾಗ, ತನ್ನಲ್ಲೇನೋ ದೋಷವಿದೆ ಅಂದುಕೊಳ್ಳದಿರಲಿ.

ಇನ್ನೊಂದು ಮುಖ್ಯ ವಿಷಯ. ಮಲಗಲು ಅವಕಾಶ ಸಿಕ್ಕರೂ ನಿದ್ದೆ ಬರುತ್ತಿಲ್ಲವೆಂದರೆ, ದಿನಾ ಅಳು ಬರುತ್ತಿದ್ದರೆ, ನಿಮಗೋ ಅವರಿಗೋ ಏನಾದರೂ ಮಾಡಿಬಿಡೋಣ ಎಂಬ ಯೋಚನೆ ಒಮ್ಮೆ ಬಂದರೂ, ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆಯೂ ಇದೆ. ಮನೋವೈದ್ಯರ ಹತ್ತಿರ ಹೋಗುವುದು ನಂಬಿಕೆಯ ಕೊರತೆಯಲ್ಲ.

ಸಭಾಪಾಲಕರಿಗೆ ಈ ವಾರವೇ ಫೋನ್ ಮಾಡಿ. ಮನೆಯಿಂದ ಹೊರಡಲಾಗದವರಿಗೆ ಕರ್ತನ ಭೋಜನವನ್ನು (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಮನೆಗೇ ತಂದು ಕೊಡುವ ಪದ್ಧತಿ ನಮ್ಮ ಸಭೆಯಲ್ಲಿದೆ. ‘ಅತ್ತೆಗೆ ಮಾತ್ರ ಅಲ್ಲ ಅಯ್ಯನವರೇ, ನನಗೂ ಬೇಕು’ ಎಂದು ಬಿಡಿಸಿ ಹೇಳಿ. ಬಂದಾಗ, ನನಗೆ ಬರೆದಿದ್ದನ್ನೆಲ್ಲಾ ಅವರಿಗೂ ಹೇಳಿ, ಆ ರಾತ್ರಿಯ ಯೋಚನೆಯನ್ನೂ ಸೇರಿಸಿ. ಭಾನುವಾರ ಅತ್ತೆಯ ಹತ್ತಿರ ಕೂರಲು ಸಭೆಯಿಂದ ಯಾರನ್ನಾದರೂ ಕಳಿಸಲು ಕೇಳಿ.

ಸತ್ಯವೇದದ ಪ್ರವಾದಿ ಎಲೀಯನೂ ಒಮ್ಮೆ ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಬಿದ್ದುಕೊಂಡಿದ್ದ. ದೇವದೂತ ಅವನಿಗೆ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ತಿಂದು ಮತ್ತೆ ಮಲಗಿದ, ಮಲಗಲು ಬಿಟ್ಟ. ನಾದಿನಿ ಬಂದು ಕೂತ ಮೊದಲ ಭಾನುವಾರ ನೀವು ಚರ್ಚಿಗೇ ಹೋಗಬೇಕು ಅಂತೇನಿಲ್ಲ. ನಿದ್ದೆ ಬಂದರೆ ಮಲಗಿಬಿಡಿ.