ಕ್ರೀಡಾ ಪ್ರಶ್ನೋತ್ತರ: ದೊಡ್ಡ ಆಟಗಾರರೆಲ್ಲ ದೊಡ್ಡ ತರಬೇತುದಾರರಾಗುತ್ತಾರೆಯೇ?

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಕಬಡ್ಡಿ ತಂಡಕ್ಕೆ, ರಾಜ್ಯಮಟ್ಟದಲ್ಲಿ ಆಡಿ ಹೆಸರು ಮಾಡಿದ ಹಿರಿಯರೊಬ್ಬರನ್ನು ತರಬೇತಿಗೆ ಕರೆದುಕೊಂಡೆವು. ಮಕ್ಕಳಿಗೆ ಅವರ ಮೇಲೆ ಅಪಾರ ಗೌರವವಿದೆ, ಆದರೆ ಫಲಿತಾಂಶ ಬರುತ್ತಿಲ್ಲ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ ಮಾಲ್ ಮೆನಿಂಗಾ ತರಬೇತುದಾರರಾಗಿಯೂ ಗೆದ್ದರೆಂದು ಓದಿದ್ದೇನೆ. ಅವರ ಬಗ್ಗೆ ವಿವರವಾಗಿ ತಿಳಿಸುವಿರಾ?
– ದೈಹಿಕ ಶಿಕ್ಷಣ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೆನಿಂಗಾ ಗೆದ್ದದ್ದು ನಿಜ. ಆದರೆ ತರಬೇತುದಾರರಾಗಿ ಕಳೆದ ಮೊದಲ ಐದು ವರ್ಷಗಳಲ್ಲಿ ಅವರಿಗೆ ಒಂದು ಪ್ರಶಸ್ತಿಯೂ ದಕ್ಕಲಿಲ್ಲ. ತಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಐದು ವರ್ಷಗಳಲ್ಲಿಯೇ ಎಂದು ನನಗೆ ತೋರುತ್ತದೆ.

ಮೊದಲು ಆಟದ ಪರಿಚಯ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು, ಆಟಕ್ಕಾಗಿ ಕೂಲಿ ಕಳೆದುಕೊಳ್ಳುವ ಕಾರ್ಮಿಕ ಆಟಗಾರರಿಗೆ ಪರಿಹಾರ ಕೊಡಬೇಕೆಂಬ ವಿಷಯದಲ್ಲಿ ಮೂಲ ರಗ್ಬಿ ಸಂಸ್ಥೆಯಿಂದ ಬೇರೆಯಾದವು. ಹಾಗೆ ಬೆಳೆದದ್ದು ರಗ್ಬಿ ಲೀಗ್. ತಂಡಕ್ಕೆ 13 ಆಟಗಾರರು, ಆಟದ ಅವಧಿ 80 ನಿಮಿಷ. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಕಬಡ್ಡಿಯ ರೈಡರನನ್ನು ಹಿಡಿಯುವಂತೆಯೇ ಹಿಡಿದು ಕೆಡವುತ್ತಾರೆ. ಹೀಗೆ ಆರು ಸಲ ಸಿಕ್ಕಿಬೀಳುವುದರೊಳಗೆ ಅಂಕ ಗಳಿಸದಿದ್ದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ.

ಮೆನಿಂಗಾ 1960ರಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬಂಡಬರ್ಗ್‌ನಲ್ಲಿ ಹುಟ್ಟಿದರು. ಅಲ್ಲಿನ ಕಬ್ಬಿನ ಗದ್ದೆಗಳಲ್ಲಿ ದುಡಿಸಲು ವನುವಾಟು ದ್ವೀಪಗಳಿಂದ ಕರೆತಂದ ಕೂಲಿಗಳ ವಂಶದವರು ಅವರು. ಹದಿಹರೆಯದಲ್ಲಿ ಪೊಲೀಸ್ ತರಬೇತಿಗೆ ಸೇರಿದಾಗ ಅಲ್ಲಿ ಅವರಿಗೆ ಆಟ ಕಲಿಸಿದವರು ವೇಯ್ನ್ ಬೆನೆಟ್. ಮುಂದೆ ಆ ದೇಶದ ಅತ್ಯಂತ ಯಶಸ್ವಿ ತರಬೇತುದಾರರಲ್ಲಿ ಒಬ್ಬರಾದವರು.

1980ರವರೆಗೆ ಕ್ವೀನ್ಸ್‌ಲ್ಯಾಂಡಿನ ಒಳ್ಳೆಯ ಆಟಗಾರರು ಹಣಕ್ಕಾಗಿ ಸಿಡ್ನಿಯ ಕ್ಲಬ್ಬುಗಳಿಗೆ ಹೋಗಿ, ಅಲ್ಲಿಂದ ನ್ಯೂ ಸೌತ್ ವೇಲ್ಸ್ ಪರವಾಗಿ ತವರಿನ ವಿರುದ್ಧವೇ ಆಡಬೇಕಾಗುತ್ತಿತ್ತು. ಆಟ ಆರಂಭಿಸಿದ ರಾಜ್ಯಕ್ಕೇ ಆಡಬೇಕೆಂಬ 'ಸ್ಟೇಟ್ ಆಫ್ ಒರಿಜಿನ್' ನಿಯಮದ ಮೊದಲ ಪಂದ್ಯ ಆ ವರ್ಷದ ಜುಲೈ 8ರಂದು ಬ್ರಿಸ್ಬೇನ್‌ನಲ್ಲಿ ನಡೆಯಿತು. ಅಂದು ಮೆನಿಂಗಾ ಅವರ 20ನೆಯ ಹುಟ್ಟುಹಬ್ಬ. ಅವರು ಒದ್ದ ಏಳು ಗೋಲುಗಳಲ್ಲಿ ಒಂದೂ ತಪ್ಪಲಿಲ್ಲ, ಕ್ವೀನ್ಸ್‌ಲ್ಯಾಂಡ್ 20–10ರಿಂದ ಗೆದ್ದಿತು. ಆ ರಾತ್ರಿಯ ನೆನಪು ಅವರ ಮುಂದಿನ ತರಬೇತಿ ಜೀವನಕ್ಕೂ ಬಂಡವಾಳವಾಯಿತೆಂದು ನಾನು ನಂಬುತ್ತೇನೆ. ಅನಂತರ ಕ್ಯಾನ್‌ಬೆರಾ ರೈಡರ್ಸ್ ಕ್ಲಬ್ಬಿನಲ್ಲಿ ತೋಳು ಮತ್ತೆ ಮತ್ತೆ ಮುರಿದರೂ ಹಿಂದಿರುಗಿ ಬಂದು, ನಾಯಕರಾಗಿ 1989, 1990 ಮತ್ತು 1994ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟರು.

1997ರಲ್ಲಿ ಅದೇ ಕ್ಲಬ್ಬು ಅವರನ್ನು ತರಬೇತುದಾರರನ್ನಾಗಿ ನೇಮಿಸಿತು. ಊರೇ ಮೆಚ್ಚಿದ ನಾಯಕ, ತನ್ನದೇ ತಂಡ. ಆದರೂ 2001ರವರೆಗೆ ಒಂದು ಅಂತಿಮ ಪಂದ್ಯವನ್ನೂ ತಲುಪಲಾಗಲಿಲ್ಲ. ಕ್ಲಬ್ಬಿನ ತರಬೇತಿಯೆಂದರೆ ವರ್ಷವಿಡೀ ನಡೆಯುವ ದಿನನಿತ್ಯದ ಕೆಲಸ. ಎಳೆಯರ ಸಣ್ಣ ಸಣ್ಣ ತಪ್ಪುಗಳನ್ನು ತಿದ್ದುತ್ತ, ಸೋತ ವಾರದ ಮರುದಿನವೇ ಮತ್ತೆ ಮೊದಲಿನಿಂದ ಹೇಳಿಕೊಡುವ ತಾಳ್ಮೆ ಅದಕ್ಕೆ ಬೇಕು. ಸ್ವಂತ ಆಟದ ದೊಡ್ಡಸ್ತಿಕೆ ಅಲ್ಲಿ ಹೆಚ್ಚು ದೂರ ಕೊಂಡೊಯ್ಯುವುದಿಲ್ಲ.

2006ರಲ್ಲಿ ಅವರು ವಹಿಸಿಕೊಂಡ ಕ್ವೀನ್ಸ್‌ಲ್ಯಾಂಡ್ ತಂಡ, ನ್ಯೂ ಸೌತ್ ವೇಲ್ಸ್ ವಿರುದ್ಧ ವರ್ಷಕ್ಕೊಮ್ಮೆ ನಡೆಯುವ ಮೂರು ಪಂದ್ಯಗಳ 'ಒರಿಜಿನ್' ಸರಣಿಯನ್ನು ಸತತ ಮೂರು ಸಲ ಸೋತಿತ್ತು. ಮೊದಲ ಪಂದ್ಯವೂ ಒಂದು ಅಂಕದಿಂದ ಕೈತಪ್ಪಿತು. ಉಳಿದೆರಡನ್ನು ಗೆದ್ದು ಸರಣಿಯನ್ನು ತಮ್ಮದಾಗಿಸಿಕೊಂಡರು. ಅಲ್ಲಿಂದ 2013ರವರೆಗೆ ಸತತ ಎಂಟು, 2015ರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಸರಣಿಗಳು ಅವರದಾದವು. ಡ್ಯಾರೆನ್ ಲಾಕ್ಯರ್, ಕ್ಯಾಮರಾನ್ ಸ್ಮಿತ್, ಜೊನಾಥನ್ ಥರ್ಸ್ಟನ್‌ರಂಥವರು ತಂಡದಲ್ಲಿದ್ದರೆ ಯಾರಾದರೂ ಗೆಲ್ಲುತ್ತಿದ್ದರು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೇರೆ ಬೇರೆ ಕ್ಲಬ್ಬುಗಳಲ್ಲಿ ವಾರವಾರವೂ ಪರಸ್ಪರ ಸೆಣಸುವವರನ್ನು ಕೆಲವೇ ದಿನಗಳ ಶಿಬಿರದಲ್ಲಿ ಒಂದು ಮನೆಯವರನ್ನಾಗಿ ಮಾಡುವುದಕ್ಕೆ, ಆ ಅಂಗಿಯ ಬೆಲೆಯನ್ನು ಮೊದಲ ಪಂದ್ಯದಿಂದಲೇ ಬಲ್ಲ ಹಿರಿಯನ ಮಾತು ಬೇಕಿತ್ತು. 2016ರಿಂದ ರಾಷ್ಟ್ರೀಯ ತಂಡದಲ್ಲಿಯೂ ಇದೇ ನಡೆಯಿತು. 2017ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಅವರ ಆಸ್ಟ್ರೇಲಿಯಾ 6–0ರಿಂದ ಸೋಲಿಸಿದ ಇಂಗ್ಲೆಂಡ್ ತಂಡದ ತರಬೇತುದಾರರು ಅದೇ ಹಳೆಯ ಗುರು ಬೆನೆಟ್. 2022ರಲ್ಲಿ ನಡೆದ ಮುಂದಿನ ವಿಶ್ವಕಪ್ ಕೂಡ ಮೆನಿಂಗಾ ಅವರ ತಂಡಕ್ಕೇ ಬಂತು. 2025ರಲ್ಲಿ ಆ ಹುದ್ದೆ ಬಿಟ್ಟು, 2027ರಲ್ಲಿ ಲೀಗಿಗೆ ಕಾಲಿಡಲಿರುವ ಪರ್ತ್ ಬೇರ್ಸ್ ಎಂಬ ಹೊಸ ಕ್ಲಬ್ಬಿನ ಹೊಣೆ ಹೊತ್ತಿದ್ದಾರೆ.

ಆದ್ದರಿಂದ ತಮ್ಮ ಹಿರಿಯರನ್ನು ಕಳುಹಿಸಿಬಿಡುವ ಮೊದಲು, ಅವರಿಗೆ ಯಾವ ಕೆಲಸ ಒಪ್ಪಿಸಿದ್ದೀರಿ ಎಂಬುದನ್ನು ದಯವಿಟ್ಟು ನೋಡಿ. ಮಳೆಗಾಲದ ಸಂಜೆಗಳಲ್ಲಿ ಶಾಲೆಯ ಜಗಲಿಯ ಮೇಲೆ ಕಾಲಿನ ಚಲನೆ, ಉಸಿರಿನ ಹಿಡಿತ, ಸರಪಳಿ ಹಿಡಿತಗಳನ್ನು ತಿದ್ದುವ ಕೆಲಸವನ್ನು ಮಕ್ಕಳ ದಿನಚರಿ ಬಲ್ಲ ತಾವೇ ವಹಿಸಿಕೊಳ್ಳಿ. ದಸರಾ ಕ್ರೀಡಾಕೂಟಕ್ಕೆ ಮುಂಚಿನ ಒಂದು ವಾರವನ್ನು ಪೂರ್ತಿಯಾಗಿ ಅವರ ಕೈಗೆ ಕೊಡಿ; ಅಂಕಣದಲ್ಲಿ ಯಾರು ಯಾವ ಜಾಗದಲ್ಲಿ ನಿಲ್ಲಬೇಕೆಂಬುದನ್ನೂ ಆ ವಾರ ಅವರೇ ನಿರ್ಧರಿಸಲಿ.